ಲೈಟು ಬಿದ್ದರೆ ಏಳಬೇಕು

ಲಾರಿ ಬಂತು. ಎದ್ದರು.

ಲಾರಿ ಹೋಯಿತು. ಕೂತರು.

ಬಸ್ಸು ಬಂತು. ಮತ್ತೆ ಎದ್ದರು.

ಗುತ್ತೂರಿನ ಹೊಳೆಕೇರಿಯ ಹೆಂಗಸರಿಗೆ ಈಗ ಬೆಳಗಾಗುವುದು ಹೀಗೆ. ಹರಿಹರದ ರಸ್ತೆಯ ಅಂಚಿನಲ್ಲಿ, ಇನ್ನೂ ಕತ್ತಲಿರುವಾಗ, ತಂಬಿಗೆ ಹಿಡಿದು ಸಾಲಾಗಿ ಕೂರುವುದು. ದೂರದಲ್ಲಿ ಲೈಟು ಕಂಡರೆ ಯಾರಾದರೂ ಒಬ್ಬಳು "ಬಂತು" ಅನ್ನುತ್ತಾಳೆ. ಅಷ್ಟೇ. ಅರ್ಧಕ್ಕೆ ಬಿಟ್ಟು, ಸೀರೆ ಇಳಿಸಿ, ರಸ್ತೆಗೆ ಬೆನ್ನು ಮಾಡಿ ನಿಲ್ಲಬೇಕು. ಲೈಟು ಬೆನ್ನಿನ ಮೇಲೆ ಹಾದು ಹೋಗುವ ತನಕ ಉಸಿರು ಬಿಡಬಾರದು. ಕೆಲವು ಡ್ರೈವರುಗಳು ಒಳ್ಳೆಯವರು, ಸುಮ್ಮನೆ ಹೋಗುತ್ತಾರೆ. ಕೆಲವರು ಬೇಕೆಂದೇ ಗಾಡಿ ನಿಧಾನ ಮಾಡಿ ಹಾರನ್ ಹೊಡೆಯುತ್ತಾರೆ.

"ಹಿಂದೆ ಟೆಂಟಿನಾಗೆ ಪಿಚ್ಚರ್ ಮುಗುದ್ಮೇಲೆ ಜನಗಣಮನ ಹಾಕ್ತಿದ್ರಲ್ಲ, ಹಂಗಾತು ನಮ್ ಕತೆ," ಅಂದಳು ಕೆಂಚಮ್ಮ. "ಲೈಟ್ ಬಿತ್ತು, ಎಲ್ರೂ ಅಟೆನ್ಷನ್!"

ಪಕ್ಕದ ಮನೆಯ ಹಜೀರಾಬೀ ಬುರ್ಖಾದೊಳಗೇ ನಕ್ಕಳು. "ನಂದೇನೈತೆ ಬಿಡೇ. ನನ್ನ ಮುಖ ಯಾರಿಗ್ ಕಾಣ್ತೈತೆ?"

"ಅದೇ ನೋಡು ಹಜೀರಕ್ಕ, ನಿಂದು ಗೆಸ್ಟ್ ರೋಲು. ಹೆಸ್ರು ಬೋರ್ಡಿನಾಗೆ ಬರಲ್ಲ."

ಕೆಂಚಮ್ಮನ ತಾಯಿ ಉಡಚಮ್ಮ ನಗಲಿಲ್ಲ. ಅವಳಿಗೆ ಮೊಣಕಾಲು ಹಿಡಿದಿತ್ತು. ಒಂದು ಸಲ ಕೂತರೆ ಏಳುವುದೇ ಕಷ್ಟ. ಇಲ್ಲಿ ಕೂತು ಎದ್ದು, ಕೂತು ಎದ್ದು, ಕೊನೆಗೆ ಬಂದ ಕೆಲಸವಾಗದೆ ಖಾಲಿ ಕೂತು ವಾಪಸ್ ಹೋಗುವುದೇ ಹೆಚ್ಚು.

ಕೆಂಚಮ್ಮ ಮದುವೆಯಾಗಿ ಎರಡು ಮಳೆಗಾಲಕ್ಕೆ ಗಂಡನನ್ನು ಬಿಟ್ಟು ಬಂದವಳು. ಯಾಕೆ ಎಂದು ಕೇಳಿದರೆ, "ಹೀರೋ ಸರಿ ಇರ್ಲಿಲ್ಲ, ಇಂಟರ್ವಲ್ಲಿಗೇ ಎದ್ದು ಬಂದೆ" ಅನ್ನುತ್ತಿದ್ದಳು. ಹರಿಹರದ ಟೆಂಟಿಗೆ ಬಂದ ಪಿಚ್ಚರುಗಳೆಲ್ಲ ಅವಳ ಬಾಯಲ್ಲಿದ್ದವು. ಖಳನಾಯಕನ ಹಾಗೆ ಹುಬ್ಬು ಏರಿಸಿ ನಗುತ್ತಿದ್ದಳು, ಹೀರೋನ ತಾಯಿಯ ಹಾಗೆ ಕೆಮ್ಮುತ್ತಿದ್ದಳು. ಕೂಲಿ ಕೆಲಸದಲ್ಲಿ ಅವಳ ಪಕ್ಕ ನಿಲ್ಲಲು ಹೆಂಗಸರು ಜಗಳವಾಡುತ್ತಿದ್ದರು. ಸೊಂಟದ ನೋವು ಒಂದಿಷ್ಟು ಮರೆಯುತ್ತದೆ ಎಂದು.

ಹೋದ ಬೇಸಿಗೆಯ ತನಕ ಈ ರಸ್ತೆಯ ಪಾಡು ಇರಲಿಲ್ಲ. ಕೇರಿಗೂ ಹೊಳೆಗೂ ನಡುವೆ ಬಳ್ಳಾರಿ ಜಾಲಿಯ ದಟ್ಟ ಪೊದೆ ಇತ್ತು. ಸರ್ಕಾರದ ಜಾಗ. ಮುಳ್ಳು, ಹಂದಿ, ಹಾವು. ಯಾರಿಗೂ ಬೇಡದ ಜಾಗ, ಅದಕ್ಕೇ ಹೆಂಗಸರಿಗೆ ದಕ್ಕಿತ್ತು. ಹೆಸರೇ ಹೆಂಗಸರ ಜಾಲಿ. ಗಂಡಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಕೇರಿಗೆ ಹೊಸ ಸೊಸೆ ಬಂದರೆ ಅತ್ತೆ ಮೊದಲು ಒಲೆ ತೋರಿಸುತ್ತಿದ್ದಳು. ಮಾರನೆಯ ದಿನ ನಸುಕಿನಲ್ಲಿ ಜಾಲಿಗೆ ಕರೆದುಕೊಂಡು ಹೋಗಿ, "ಇದು ನಮ್ಮನೆ ಪೊದೆ" ಎಂದು ಜಾಗ ತೋರಿಸುತ್ತಿದ್ದಳು. ಆಮೇಲೆ ಆ ಪೊದೆಯಿಂದ ಈ ಪೊದೆಗೆ ಮಾತು. ಯಾರ ಗಂಡ ಕುಡಿದು ಬಂದ, ಯಾರ ಸೊಸೆಗೆ ಮುಟ್ಟು ನಿಂತಿದೆ, ಯಾವ ಮೇಸ್ತ್ರಿಯ ಕೈ ಎಲ್ಲೆಲ್ಲಿ ಹೋಗುತ್ತದೆ, ಎಲ್ಲ ಅಲ್ಲೇ ತೀರ್ಮಾನ. ಹಜೀರಾಬೀ ಮುಸುಕು ಹಿಂದಕ್ಕೆ ಹಾಕಿ ದನಿ ಎತ್ತಿ ಹಾಡುತ್ತಿದ್ದದ್ದು ಈ ಲೋಕದಲ್ಲಿ ಅದೊಂದೇ ಜಾಗದಲ್ಲಿ.

ಆ ಜಾಲಿಯನ್ನು ಕಡಿದವರು ಬೇರೆ ಯಾರೂ ಅಲ್ಲ. ಇವರೇ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಐದಾರು ಮಂದಿ ಸೇರಿ ಒಂದು ಸಣ್ಣ ನಿಧಿ ಕಟ್ಟಿಕೊಂಡಿದ್ದರು. ಹೊಳೆದಂಡೆ ಹಸಿರು ನಿಧಿ. ಒಂದು ಊರಲ್ಲಿ ಕೆರೆ ಹೂಳು ತೆಗೆಸಿದ್ದರು, ಇನ್ನೊಂದು ಊರಲ್ಲಿ ಗೋಬರ್ ಗ್ಯಾಸ್ ಹಾಕಿಸಿದ್ದರು. ಕೆಟ್ಟವರೇನಲ್ಲ. ಕಾರ್ಯದರ್ಶಿ ಶಿವಯೋಗಪ್ಪ ಜವಳಿ ಅಂಗಡಿಯವರು. ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ಅಂಬಾಸಡರ್ ಕಾರು. ಅವರು ಕೇರಿಗೆ ಬಂದು, ಚಾವಡಿ ಕಟ್ಟೆಯ ಹತ್ತಿರ ನಿಂತು, "ಈ ಹಾಳು ಮುಳ್ಳು ತೆಗುದ್ರೆ ನಿಮ್ಗೇ ಅನುಕೂಲ. ಕೆಲ್ಸ ನೀವೇ ಮಾಡ್ರಿ. ಕೂಲಿ ಕೊಡ್ತೀವಿ, ಸೌದೇನೂ ನೀವೇ ತಗೊಳ್ರಿ" ಅಂದರು. ಎರಡು ದಿನ ಬಿಟ್ಟು ಒಂದು ಲಾರಿ ಇಟ್ಟಿಗೆ ಬಂದು ಬಿತ್ತು.

ಇಟ್ಟಿಗೆ ನೋಡಿ ಹೆಂಗಸರೆಲ್ಲ ಒಂದೇ ತೀರ್ಮಾನಕ್ಕೆ ಬಂದರು. ಕಕ್ಕಸು ಕಟ್ಟಿಸುತ್ತಾರೆ. ಜಾಲಿ ತೆಗೆಸಿ, ಇಟ್ಟಿಗೆ ತರಿಸಿ, ಇನ್ನೇನು ಕಟ್ಟಿಸುತ್ತಾರೆ? ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಗಂಡಸರ ಎದುರು, ಅದರಲ್ಲೂ ಸಾವುಕಾರರ ಎದುರು, ಹೆಣ್ಣಾದವಳು ಆ ಮಾತು ಎತ್ತುವ ರೂಢಿ ಕೇರಿಯಲ್ಲಿ ಇಲ್ಲ. ಎಲ್ಲದಕ್ಕೂ ಬಾಯಿ ಹಾಕುವ ಕೆಂಚಮ್ಮನೂ ಅದೊಂದನ್ನು ಕೇಳಲಿಲ್ಲ. ಬದಲಿಗೆ ಕುಡುಗೋಲು ಎತ್ತಿ, "ಹೊಡಿ ಮೊದಲ್ನೇ ಸೀನು!" ಎಂದು ತಾನೇ ಮೊದಲ ಪೊದೆ ಕಡಿದಳು. ಅದು ಅವರ ಮನೆಯ ಪೊದೆಯೇ ಆಗಿತ್ತು.

ಕೈಯೆಲ್ಲ ಮುಳ್ಳು. ಜಾಲಿ ಮುಳ್ಳು ಮುರಿದರೆ ಕೀವಾಗುತ್ತದೆ. ಸಂಜೆ ಚಿಮಣಿ ದೀಪದ ಮುಂದೆ ಕೂತು ಒಬ್ಬರ ಅಂಗೈಯಿಂದ ಇನ್ನೊಬ್ಬರು ಸೂಜಿಯಲ್ಲಿ ಮುಳ್ಳು ತೆಗೆದರು. ಬುಡ ಅಗೆದರು. ಗುಂಡಿ ತೋಡಿದರು. ಕೊಂಡಜ್ಜಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಸಸಿ ಬಂತು. ಸುತ್ತಲೂ ಮುಳ್ಳುತಂತಿ ಬಂತು. ಇಟ್ಟಿಗೆಯಲ್ಲಿ ಗೇಟಿನ ಎರಡು ಕಂಬ ಎದ್ದವು. ಮೇಲೊಂದು ಬೋರ್ಡು ಕೂತಿತು.

ಇಟ್ಟಿಗೆ ಮುಗಿಯಿತು.

ಗೇಟು ಕಾಯಲು ಬೋರಣ್ಣನನ್ನು ಇಟ್ಟರು. ಬೋರಣ್ಣ ಉಡಚಮ್ಮನ ಸ್ವಂತ ತಮ್ಮ. ಅವನಿಗೊಂದು ಖಾಕಿ ಅಂಗಿ, ಒಂದು ಕೋಲು, ಒಂದು ಸೀಟಿ. ಮೊದಲ ಬೆಳಗ್ಗೆ ತಂಬಿಗೆ ಹಿಡಿದು ತಂತಿಯ ಹತ್ತಿರ ಹೋದ ಹೆಂಗಸರ ಮೇಲೆ ಅವನು ಸೀಟಿ ಊದಿದ. ಅವನ ಅಕ್ಕನೂ ಅಲ್ಲೇ ಇದ್ದಳು.

"ಏನ್ ಮಾಡ್ಲಿ ಅಕ್ಕ, ಸಸಿ ಕಾಯೋ ಕೆಲ್ಸ ನಂದು," ಅಂದ, ನೆಲ ನೋಡುತ್ತ.

ಅವತ್ತಿನಿಂದ ರಸ್ತೆ.

ಸಸಿಗಳಿಗೆ ನೀರು ಹಾಕುವ ಕೂಲಿಯನ್ನೂ ಹೆಂಗಸರಿಗೇ ಕೊಟ್ಟರು. ಹೊಳೆಯಿಂದ ಏರಿ ಹತ್ತಿ, ಸೊಂಟದ ಮೇಲೊಂದು ಕೊಡ, ತಲೆಯ ಮೇಲೊಂದು ಕೊಡ. ಪ್ರತಿ ಸಸಿಗೂ ಒಂದು ತಗಡು ನೆಟ್ಟಿದ್ದರು, ದುಡ್ಡು ಕೊಟ್ಟವರ ಹೆಸರು ಬರೆಸಿ. ಕೆಂಚಮ್ಮನಿಗೆ ಓದಲು ಬರುತ್ತಿರಲಿಲ್ಲ. ಬೋರ್ಡು ಬರೆಯುವವನ ಹತ್ತಿರ ಒಂದೊಂದರ ಹೆಸರೂ ಕೇಳಿ ಇಟ್ಟುಕೊಂಡಿದ್ದಳು. "ತಗೊಳ್ರಿ ರೈಸ್‌ಮಿಲ್ ಸಾವುಕಾರ್ರೇ, ಕುಡೀರಿ. ಡಾಕ್ಟರ್ರೇ, ನಿಮ್ಗೆ ಇನ್ನೊಂಚೂರು?" ಎಂದು ಬೇವಿನ ಸಸಿಗೂ ಹೊಂಗೆಯ ಸಸಿಗೂ ಉಪಚಾರ ಮಾಡುತ್ತ ನೀರು ಹೊಯ್ಯುತ್ತಿದ್ದಳು. ಹೆಂಗಸರು ನಗುತ್ತಿದ್ದರು. ನಗು ಬರಬರುತ್ತ ಕಮ್ಮಿಯಾಯಿತು. ಬಿಸಿಲು ಕಮ್ಮಿಯಾಗಲಿಲ್ಲ.

ಒಂದು ಮಧ್ಯಾಹ್ನ ಹಜೀರಾಬೀ ಕೆಂಚಮ್ಮನನ್ನು ಪಕ್ಕಕ್ಕೆ ಕರೆದಳು. "ನಿಮ್ಮವ್ವ ನೀರು ಕುಡಿಯೋದು ನೋಡಿದ್ಯಾ ನೀನು?"

ಕೆಂಚಮ್ಮ ನೋಡಿರಲಿಲ್ಲ. ಅವತ್ತು ನೋಡಿದಳು. ಉಡಚಮ್ಮ ಕೊಡ ತುಂಬುತ್ತಾಳೆ, ಹೊರುತ್ತಾಳೆ, ಸಸಿಗೆ ಹೊಯ್ಯುತ್ತಾಳೆ. ತುಟಿ ಒಣಗಿ ಬಿಳುಪಾಗಿದೆ. ಒಂದು ಬೊಗಸೆ ನೀರು ಬಾಯಿಗೆ ಹಾಕುತ್ತಾಳೆ, ಮುಕ್ಕಳಿಸಿ ಉಗಿಯುತ್ತಾಳೆ. ನುಂಗುವುದಿಲ್ಲ.

"ಯಾಕವ್ವ?"

"ಕುಡುದ್ರೆ ಹೋಗ್ಬೇಕಾಗ್ತೈತೆ."

"ಉಚ್ಚೆ ಕಟ್ಟಿ ಸಾಯ್ತೀಯ."

"ಸತ್ರೆ ಒಂದೇ ಸಲ. ಇದು ದಿನಾ."

ರಾತ್ರಿ ಊಟಾನೂ ಬಿಟ್ಟಿದ್ದಳು ಮುದುಕಿ. ರೊಟ್ಟಿ ಮುರಿದು ಎರಡು ತುಂಡು ಬಾಯಿಗೆ ಹಾಕಿಕೊಂಡು, ಹೊಟ್ಟೆ ಸರಿ ಇಲ್ಲ ಎಂದು ಮಲಗುತ್ತಿದ್ದಳು. ಕೆಂಚಮ್ಮನ ಬಾಯಿಗೆ ಅದಕ್ಕೆ ತಕ್ಕ ಡೈಲಾಗು ಸಿಗಲಿಲ್ಲ.

ಆ ವಾರದಲ್ಲೇ ಉಡಚಮ್ಮ ಬಿದ್ದಳು. ಕಲ್ಲು ತುಂಬಿದ ಲಾರಿ ಬಂತು, "ಬಂತು" ಅಂದರು, ಎಲ್ಲರೂ ಎದ್ದರು. ಮುದುಕಿ ಅರ್ಧ ಎದ್ದಳು, ಮೊಣಕಾಲು ಕೈಕೊಟ್ಟಿತು, ಪಕ್ಕದ ಮೋರಿಯ ಕಲ್ಲಿನ ಮೇಲೆ ಕವುಚಿ ಬಿದ್ದಳು. ಸೀರೆ ಸೊಂಟದ ಮೇಲಿತ್ತು. ಲಾರಿಯ ಲೈಟು ಅವಳ ಮೇಲೇ ಬಿತ್ತು. ಒಳಗಿಂದ ಯಾರೋ ಸೀಟಿ ಹೊಡೆದು ನಕ್ಕರು. ಲಾರಿ ನಿಲ್ಲಲಿಲ್ಲ.

ಕೆಂಚಮ್ಮ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದಳು. ಮುದುಕಿ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು: "ಯಾರಾದ್ರೂ ನೋಡಿದ್ರೇನೇ?"

"ಇಲ್ಲವ್ವ. ಕತ್ಲಿತ್ತು," ಅಂದಳು ಕೆಂಚಮ್ಮ.

ಮೊಣಕಾಲು ಕುಂಬಳಕಾಯಿಯ ಹಾಗೆ ಊದಿತು. ಹಜೀರಾಬೀ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ತಲೆ ಎತ್ತಿ, "ದಾವಣಗೆರೆಗೆ ಹೋಗಿ ಕೇಳಾನ ಬಾ," ಅಂದಳು. "ಶರಮ್ ಗಿರಮ್ ಎಲ್ಲಾ ರಸ್ತೆ ಮ್ಯಾಲೆ ಹೋತಲ್ಲ. ಇನ್ನೇನ್ ಉಳುದೈತೆ?"

ನಿಜಲಿಂಗಪ್ಪ ಬಡಾವಣೆಯ ಆ ಮನೆಗೆ ಮೊಸಾಯಿಕ್ ನೆಲ. ವರಾಂಡದ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಶಿವಯೋಗಪ್ಪ ಪೂಜೆಯಲ್ಲಿದ್ದರು, ಆಮೇಲೆ ಫೋನಿನಲ್ಲಿದ್ದರು, ಆಮೇಲೆ ಊಟಕ್ಕೆ ಕೂತರು. ಅವರ ಹೆಂಡತಿ ಕಮಲಕ್ಕ ಒಳ್ಳೆಯ ಹೆಂಗಸು. ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿಟ್ಟಿದ್ದ ಎರಡು ಲೋಟ ತೊಳೆದುಕೊಳ್ಳಲು ಹೇಳಿ, ಮೇಲಿಂದ ಕಾಫಿ ಹೊಯ್ದರು. ಸಸಿ ಹೆಂಗಿವೆ ಎಂದು ಕೇಳಿದರು. ಮಕ್ಕಳ ಹಾಗೆ ನೋಡಿಕೊಳ್ಳಿ ಅಂದರು.

ಕಾಫಿ ಇಳಿಯಿತು. ಹೊತ್ತು ಏರಿತು. ಕೆಂಚಮ್ಮ ಬೆಳಗಿನಿಂದ ತಡೆದುಕೊಂಡಿದ್ದಳು. ಕೊನೆಗೆ ಎದ್ದು, "ಅಕ್ಕಾರೆ, ಒಂಚೂರು ಬಚ್ಚಲಿಗೆ ಹೋಗ್ಬೇಕಿತ್ತು," ಅಂದಳು.

ಕಮಲಕ್ಕನ ಮುಖ ಚಿಕ್ಕದಾಯಿತು. "ಅದು ಒಳಗೈತಮ್ಮ. ದೇವ್ರಮನೆ ದಾಟ್ಕಂಡು ಹೋಗ್ಬೇಕು. ಹಿಂದ್ಗಡೆ ಖಾಲಿ ಸೈಟ್ ಐತೆ ನೋಡು, ಅಲ್ಲಿ ಹೋಗ್ಬಾ."

ಕೆಂಚಮ್ಮ ಹಿಂದಕ್ಕೆ ಹೋಗಿ ನೋಡಿದಳು. ಖಾಲಿ ಸೈಟಿನ ಮೂರು ಕಡೆ ಮಹಡಿ ಮನೆಗಳು. ಒಂದು ಮಹಡಿಯಲ್ಲಿ ಗಂಡಸೊಬ್ಬ ಪೇಪರು ಓದುತ್ತಿದ್ದ. ಇನ್ನೊಂದರಲ್ಲಿ ಮುದುಕಿ ಸಂಡಿಗೆ ಒಣಹಾಕುತ್ತಿದ್ದಳು. ಹೋದಷ್ಟೇ ಬೇಗ ವಾಪಸ್ ಬಂದಳು.

"ಯಾಕ, ಹೋಗ್ಲಿಲ್ಲ?"

"ಬಾಲ್ಕನಿ ಫುಲ್ ಆಗೈತ್ರಿ ಅಕ್ಕಾರೆ," ಅಂದಳು.

ಕಮಲಕ್ಕನಿಗೆ ಅರ್ಥವಾಗಲಿಲ್ಲ.

ಶಿವಯೋಗಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದರು. ಹಜೀರಾಬೀ ಮುಸುಕಿನೊಳಗಿಂದ ಹೇಳಿದಳು, ಕೆಂಚಮ್ಮ ಹೇಳಿದಳು. ಜಾಲಿ, ರಸ್ತೆ, ಲೈಟು, ಮುದುಕಿ ಬಿದ್ದದ್ದು. ಅವರು ಸಹನೆಯಿಂದ ಕೇಳಿದರು. ನಡುವೆ ಒಮ್ಮೆ ಗಡಿಯಾರ ನೋಡಿದರು.

"ನೋಡಮ್ಮ, ನಮ್ದು ಸಣ್ಣ ನಿಧಿ. ಗಿಡ, ನೀರು, ಮಣ್ಣು, ಇಷ್ಟೇ ನಮ್ಮ ಉದ್ದೇಶ. ಕಕ್ಕಸು ಪಂಚಾಯ್ತಿ ಕೆಲ್ಸ."

"ಹಂಗಾದ್ರೆ ತಂತಿ ಒಂದ್ಕಡೆ ಬಿಡ್ರಿ ಸಾವುಕಾರ್ರೇ. ಒಂದ್ ಮೂಲೇನಾಗೆ ಜಾಲಿ ತಾನೇ ಚಿಗುರ್ತೈತೆ. ನೀರೂ ಕೇಳಲ್ಲ ಅದು," ಅಂದಳು ಹಜೀರಾಬೀ.

"ಅಲ್ಲೆಲ್ಲ ಗಲೀಜಾಗ್ತೈತೆ. ದೊಡ್ಡವ್ರ ಹೆಸ್ರಿರೋ ಗಿಡ ಅವು. ಗಿಡಕ್ಕೆ ಹೆಸ್ರು ಹಾಕ್ರಿ ಅಂತ ನೂರು ಜನ ಬರ್ತಾರೆ. ಕಕ್ಕಸಿಗೆ ಯಾರಮ್ಮ ಹೆಸ್ರು ಹಾಕಿಸ್ಕೊಳ್ತಾರೆ?"

"ನಂದ್ ಹಾಕ್ರಿ," ಅಂದಳು ಕೆಂಚಮ್ಮ. "ದೊಡ್ಡಕ್ಷರದಾಗೆ. ಕಲರ್ ಪೋಸ್ಟರ್ ಆದ್ರೂ ಪರವಾಗಿಲ್ಲ."

ಶಿವಯೋಗಪ್ಪ ನಕ್ಕುಬಿಟ್ಟರು. ಆ ನಗುವಿನಲ್ಲೇ ಎದ್ದು ನಿಂತರು. "ಬೆಂಗಳೂರಿನಿಂದ ದೊಡ್ಡ ಟ್ರಸ್ಟಿನವ್ರು ಬರ್ತಾರೆ, ನಮ್ಮ ತೋಪು ನೋಡಾಕೆ. ಅವ್ರು ಮೆಚ್ಚಿದ್ರೆ ನಮ್ಮ ಕೈ ದೊಡ್ಡದಾಗ್ತೈತೆ. ಆವಾಗ ನೋಡಾನ. ಅಲ್ಲಿ ತನ್ಕ ಸಹಕರಿಸ್ರಿ."

ಹರಿಹರದ ಬಸ್ಸಿನಲ್ಲಿ ಕೆಂಚಮ್ಮ ಹೊಟ್ಟೆ ಹಿಡಿದು ಕೂತಿದ್ದಳು. ಪ್ರತಿ ಗುಂಡಿಗೂ ಪ್ರಾಣ ಹೋಗಿ ಬರುತ್ತಿತ್ತು. ಹಜೀರಾಬೀ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಟ್ರಸ್ಟಿನವರು ಬರುವ ಹಿಂದಿನ ಸಂಜೆ ಬೋರಣ್ಣ ಕೇರಿಗೆ ಬಂದ. ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿದ್ದ.

"ನಾಳೆ ಹೊತ್ತು ಹುಟ್ಟೋ ಟೈಮಿಗೆ ಕಾರು ಬರ್ತಾವೆ. ಸೂರ್ಯನ ಬೆಳಕ್ನಾಗೆ ಸಸಿ ನೆಡೋ ಫೋಟೋ ತೆಗೀತಾರಂತೆ. ಹೆಂಗಸ್ರೆಲ್ಲ ಮಿಂದು, ಕೊಡದಾಗೆ ನೀರು ತುಂಬಿ, ಮಾವಿನೆಲೆ, ತೆಂಗಿನಕಾಯಿ ಇಟ್ಟು, ಗೇಟಿನ ಹತ್ರ ಸಾಲಾಗಿ ನಿಲ್ಬೇಕು. ಮತ್ತೆ..." ಅವನು ಗಂಟಲು ಸರಿ ಮಾಡಿಕೊಂಡ. "ಮತ್ತೆ ಬೆಳಿಗ್ಗೆ ಯಾರೂ ರಸ್ತೆ ಕಡೆ ಹೋಗಂಗಿಲ್ಲ. ಚೆನ್ನಾಗಿ ಕಾಣಲ್ಲ. ಒಂದಿನ ತಡ್ಕಳ್ರಿ."

ಒಲೆಯಲ್ಲಿ ಜಾಲಿ ಸೌದೆ ಚಟಪಟ ಅನ್ನುತ್ತಿತ್ತು. ಕಡಿದ ಸೌದೆಯ ಕೊನೆಯ ಹೊರೆ.

"ಮಾವ," ಅಂದಳು ಕೆಂಚಮ್ಮ, "ಕಾರಿನವ್ರಿಗೇ ಒಂದಿನ ತಡ್ಕಳಾಕೆ ಹೇಳಿ ನೋಡಿದ್ಯಾ?"

"ಏ, ನಿಂದೊಂದು ತಮಾಷೆ. ನನ್ನ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ ಕಣವ್ವ."

"ಆತು ಬಿಡು. ಟೀ ಕುಡಿ, ಕೂಡು."

ಬೋರಣ್ಣ ಟೀ ಕುಡಿಯುವಾಗ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಸೀಟಿ ಜೇಬಿನಲ್ಲಿತ್ತು. ಕೆಂಚಮ್ಮ ಸೂಜಿಯಲ್ಲಿ ಅದರೊಳಗಿನ ಗುಂಡು ಎಬ್ಬಿಸಿ ತೆಗೆದು, ತೂತಿಗೆ ಒಂಚೂರು ಮೇಣ ಮೆತ್ತಿ, ವಾಪಸ್ ಇಟ್ಟಳು. ಅಷ್ಟು ಮಾಡಿದ ಮೇಲೂ ಅವಳಿಗೆ ನಗು ಬರಲಿಲ್ಲ. ಅವಳಿಗೇ ಆಶ್ಚರ್ಯವಾಯಿತು.

ನಸುಕಿನಲ್ಲಿ ಹೆಂಗಸರು ಮಿಂದರು. ಕೊಡ ತುಂಬಿದರು. ಎಲೆ, ಕಾಯಿ ಇಟ್ಟರು. ಹಾಗೇ ಕೊಡ ಹೊತ್ತು, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು, ರಸ್ತೆಗೇ ಬಂದರು. ಯಾರೂ ಯಾರಿಗೂ ಹೇಳಿರಲಿಲ್ಲ. ಹೊಟ್ಟೆ ಯಾರ ಮಾತು ಕೇಳುತ್ತದೆ? ಕೊಡಗಳನ್ನು ಮೋರಿಯ ಕಲ್ಲಿನ ಮೇಲೆ ಸಾಲಾಗಿ ಇಟ್ಟು, ದಿನದ ಜಾಗದಲ್ಲಿ ಕೂತರು. ಉಡಚಮ್ಮ ಮಗಳ ಭುಜ ಹಿಡಿದು, ಒಂದು ಕಾಲು ಮುಂದಕ್ಕೆ ಚಾಚಿ, ನಿಧಾನವಾಗಿ ಕುಸಿದಳು.

ಕೆಂಚಮ್ಮ ರಾತ್ರಿಯೆಲ್ಲ ಡೈಲಾಗು ಕಟ್ಟಿದ್ದಳು. ಗೇಟಿನ ಹತ್ತಿರ, ಕ್ಯಾಮೆರಾದ ಮುಂದೆ, ಕೊಡ ಇಳಿಸಿ ಹೇಳಬೇಕು ಎಂದು. ಹೀರೋಯಿನ್ ಕೋರ್ಟಿನಲ್ಲಿ ಹೇಳುವಂಥ ಉದ್ದ ಡೈಲಾಗು. ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದಳು.

"ಬಂತು," ಅಂದಳು ಹಜೀರಾಬೀ.

ದಾವಣಗೆರೆ ಕಡೆಯಿಂದ ಲೈಟು. ಲಾರಿಯದ್ದಲ್ಲ. ಒಂದರ ಹಿಂದೆ ಒಂದು, ಎರಡು ಕಾರು. ಫೋಟೋದವನು ಬೆಳಕಿಗೆ ಮುಂಚೆಯೇ ಬಂದಿರಬೇಕು ಅಂದಿದ್ದನಂತೆ.

ಎಲ್ಲರೂ ಎದ್ದರು. ಯೋಚನೆ ಮಾಡಿ ಎದ್ದದ್ದಲ್ಲ. ಲೈಟು ಬಿತ್ತು, ಕಾಲು ಎದ್ದಿತು. ಕೋರ್ಟಿನ ಡೈಲಾಗು ಬಾಯಲ್ಲಿಟ್ಟುಕೊಂಡಿದ್ದ ಕೆಂಚಮ್ಮನೂ ಎದ್ದು, ಸೀರೆ ಇಳಿಸಿ, ಬೆನ್ನು ಮಾಡಿ ನಿಂತುಬಿಟ್ಟಳು.

ಉಡಚಮ್ಮ ಏಳಲಿಲ್ಲ.

"ಅವ್ವ, ಏಳು, ಕೈ ಕೊಡು. ಲೈಟ್ ಬಂತು."

"ಬರ್ಲಿ."

"ಅವ್ವ!"

"ನಂಗಾಗಲ್ಲ ಕಣೆ. ಸಾಕಾತು." ಮುದುಕಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ. ದಿನವೆಲ್ಲ ಕಲ್ಲು ಹೊತ್ತವರು ಸಂಜೆ ಪುಟ್ಟಿ ಇಳಿಸುವ ಹಾಗೆ ಹೇಳಿದಳು. "ನೋಡ್ಕಳ್ಳಿ. ಅವ್ರಿಗೂ ಐತೆ, ನಂಗೂ ಐತೆ. ನಾನು ಏಳಲ್ಲ."

ಅವಳು ಕೆಂಚಮ್ಮನ ಸೆರಗು ಹಿಡಿದು ಕೆಳಕ್ಕೆ ಎಳೆದಳು. ಆ ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಕೆಂಚಮ್ಮ ಕೂತಳು. ಹಜೀರಾಬೀ "ಯಾ ಅಲ್ಲಾ" ಅಂದಳು, ಕೂತಳು. ಒಬ್ಬೊಬ್ಬರಾಗಿ ಸಾಲು ಪೂರಾ ಕೂತಿತು. ರಸ್ತೆಗೆ ಬೆನ್ನು ಮಾಡಿ ಅಲ್ಲ. ಮುಖ ಮಾಡಿ.

ಲೈಟು ಬಂದು ನೇರ ಮುಖಕ್ಕೆ ಬಿತ್ತು. ಕಣ್ಣು ಕುಕ್ಕಿತು. ಯಾರೂ ಕಣ್ಣು ಮುಚ್ಚಲಿಲ್ಲ.

ಮುಂದಿನ ಕಾರು ಬ್ರೇಕು ಹಾಕಿ ನಿಂತಿತು. ಹಿಂದಿನದೂ ನಿಂತಿತು. ಹಾರನ್ ಆಯಿತು. ಯಾರೂ ಏಳಲಿಲ್ಲ. ಮತ್ತೆ ಹಾರನ್. ಗೇಟಿನ ಕಡೆಯಿಂದ ಬೋರಣ್ಣ ಓಡಿ ಬಂದ. ಸೀಟಿ ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದ. ಬರೀ ಗಾಳಿ ಬಂತು. ಮತ್ತೆ ಊದಿದ. ಆಮೇಲೆ ಸಾಲಿನಲ್ಲಿ ಅಕ್ಕನನ್ನು ನೋಡಿ, ಸೀಟಿ ಕೆಳಗಿಳಿಸಿ, ಮುಖ ಆಚೆ ತಿರುಗಿಸಿ ನಿಂತ.

ಶಿವಯೋಗಪ್ಪ ಕಾರಿನ ಬಾಗಿಲು ತೆಗೆದರು. ಒಂದು ಕಾಲು ಕೆಳಗಿಟ್ಟರು. ನೋಡಿದರು. ಇಟ್ಟ ಕಾಲು ಒಳಗೆ ತೆಗೆದುಕೊಂಡರು. ಹಿಂದಿನ ಕಾರಿನಲ್ಲಿ ಇಂಗ್ಲಿಷಿನಲ್ಲಿ ಯಾರೋ ಏನೋ ಕೇಳುತ್ತಿದ್ದರು. ಕಮಲಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

"ಏ ಕೆಂಚಮ್ಮ! ಏನಿದು ಅಸಹ್ಯ?" ಕಿಟಕಿಯ ಆಚೆ ಎಲ್ಲೋ ನೋಡುತ್ತ ಕೂಗಿದರು ಶಿವಯೋಗಪ್ಪ. "ಏಳ್ರಿ ಮೊದ್ಲು!"

ಕೆಂಚಮ್ಮನ ಬಾಯಲ್ಲಿ ಉದ್ದ ಡೈಲಾಗು ಇತ್ತು. ಒಂದಕ್ಷರವೂ ಹೊರಗೆ ಬರಲಿಲ್ಲ. ಮಾತಾಡಿದ್ದು ಉಡಚಮ್ಮ.

"ಇನ್ನೂ ಆಗಿಲ್ರಿ ಸಾವುಕಾರ್ರೇ. ಲೈಟ್ ಆರ್ಸಿ."

ಕಾರಿನ ಎಂಜಿನ್ ಗುರುಗುಟ್ಟುತ್ತಿತ್ತು. ಹೊಳೆಯ ಆಚೆ ಆಕಾಶ ಬೆಳ್ಳಗಾಗುತ್ತಿತ್ತು. ಫೋಟೋದ ಹೊತ್ತು ಮೀರುತ್ತಿತ್ತು. ತಿರುಗಿಸಿಕೊಂಡು ಹೋಗಲು ರಸ್ತೆ ಕಿರಿದು, ಹಿಂದೆ ಆಗಲೇ ಒಂದು ಲಾರಿ ಬಂದು ನಿಂತಿತ್ತು.

"ಆರ್ಸೋ," ಅಂದರು ಶಿವಯೋಗಪ್ಪ ಡ್ರೈವರಿಗೆ, ಬಹಳ ಸಣ್ಣಗೆ.

ಲೈಟು ಆರಿತು. ಹಿಂದಿನ ಕಾರಿನದೂ ಆರಿತು. ಒಂದು ಗಳಿಗೆ ಬಿಟ್ಟು ಲಾರಿಯದೂ ಆರಿತು.

ಹೆಂಗಸರು ತಮ್ಮ ಕೆಲಸ ಮುಗಿಸಿಕೊಂಡರು. ಅವಸರ ಮಾಡಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಒಂದೇ ಸಲಕ್ಕೆ, ನಡುವೆ ಏಳದೆ.

ಆಮೇಲೆ ಕೆಂಚಮ್ಮ ತಾಯಿಯನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಕೈ ತೊಳೆಸಿ, ಮೋರಿಯ ಕಲ್ಲಿನ ಮೇಲೆ ಕೂರಿಸಿದಳು. ಕಾರು ನಿಧಾನವಾಗಿ ಮುಂದೆ ಸರಿದು ಅವರ ಎದುರಿಗೆ ಬಂತು. ಕಿಟಕಿಯ ಗಾಜು ಅರ್ಧ ಇಳಿಯಿತು.

"ನಾಳೆಯಿಂದ ಯಾರೂ ಕೆಲ್ಸಕ್ಕೆ ಬರಬ್ಯಾಡ್ರಿ," ಅಂದರು ಶಿವಯೋಗಪ್ಪ. "ನೀರು ಹಾಕಾಕೆ ಬೇರೆ ಊರಿನವ್ರನ್ನ ಕರಸ್ತೀನಿ."

ಗಾಜು ಏರಿತು.

"ನಾಳೆ ಏನ್ ಮಾಡೋದೇ?" ಅಂದಳು ಹಜೀರಾಬೀ.

"ನಾಳೇನೂ ಇಲ್ಲೇ," ಅಂದಳು ಕೆಂಚಮ್ಮ.

ಉಡಚಮ್ಮ ಪಕ್ಕದಲ್ಲಿದ್ದ ಕೊಡದ ಮೇಲಿನ ತೆಂಗಿನಕಾಯಿ ಎತ್ತಿ ಕಲ್ಲಿನ ಮೇಲಿಟ್ಟಳು. ಮಾವಿನೆಲೆ ತೆಗೆದು ಬಿಸಾಡಿದಳು. ಬೊಗಸೆ ಒಡ್ಡಿದಳು.

"ಹುಯ್ಯೇ."

ಕೆಂಚಮ್ಮ ಕೊಡ ಬಗ್ಗಿಸಿದಳು. ಮುದುಕಿ ಕುಡಿದಳು. ಮುಕ್ಕಳಿಸಲಿಲ್ಲ, ಉಗಿಯಲಿಲ್ಲ. ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ನೀರು ಮೊಣಕೈಗೆ ಇಳಿದು, ಕುಪ್ಪಸ ನೆನೆದು, ಮಡಿಲಿಗೆ ಸೋರಿತು. ಉಸಿರು ಎಳೆದುಕೊಂಡಳು, ಮತ್ತೆ ಬೊಗಸೆ ಒಡ್ಡಿದಳು.

"ಇನ್ನಷ್ಟು ಹುಯ್ಯಿ."